ಸುದ್ದಿರಾಶಿಯಲ್ಲಿ ರೋಗ ಹುಡುಕುವ ಯಂತ್ರ

ಚುನಾವಣೆ ಹತ್ತಿರ ಬಂದಾಗ ‘ಹಳ್ಳಿ ಹಳ್ಳಿಗೂ ಹಬ್ಬಿದ ಜ್ವರ’ ಎಂಬ ತಲೆಬರಹವನ್ನು ನೀವು ಓದಿರಬಹುದು. ಮಳೆಗಾಲದಲ್ಲಿಯೂ ಅಂಥದೇ ತಲೆಬರಹ ಬರುತ್ತದೆ. ಮೊದಲನೆಯದನ್ನು ಓದಿ ನೀವು ನಕ್ಕು ಪುಟ ತಿರುವುತ್ತೀರಿ. ಎರಡನೆಯದನ್ನು ಓದಿ ಮನೆಯ ಮಕ್ಕಳ ಹಣೆ ಮುಟ್ಟಿ ನೋಡುತ್ತೀರಿ. ಒಂದು ರಾಜಕೀಯ, ಇನ್ನೊಂದು ಕಾಯಿಲೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಕೆಲಸವನ್ನು ಒಂದು ಕಂಪ್ಯೂಟರ್ ಮಾಡಬೇಕಾದರೆ? ಅದೂ ದಿನವೂ ಲಕ್ಷಗಟ್ಟಲೆ ಸುದ್ದಿಗಳನ್ನು ಓದಿ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ದೇಶದ ಆರೋಗ್ಯ ಇಲಾಖೆ ಕೆಲವು ವರ್ಷಗಳಿಂದ ಇಂತಹ ಯಂತ್ರದ ನೆರವು ಪಡೆಯುತ್ತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಓದುಗರಿಗೆ ಈ ವಿಷಯ ಏಕೆ ಮುಖ್ಯ ಎಂಬುದನ್ನು ಈ ವಾರ ತಿಳಿಯೋಣ.

ಮಕರಬ್ಬಿಯ ಪಾಠ

2021ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳನ್ನು ನೆನಪಿಸಿಕೊಳ್ಳಿ. ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆಯ ಉದ್ಘಾಟನೆಯ ಸಂಭ್ರಮ. ಅದೇ ಹೊತ್ತಿನಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಹಾಸಿಗೆ ಹಿಡಿದಿದ್ದರು. ಆರು ಮಂದಿ ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಿತು.

ವಾಂತಿಭೇದಿಯಲ್ಲಿ ಜೀವ ತೆಗೆಯುವುದು ಬಹುಮಟ್ಟಿಗೆ ದೇಹದ ನೀರು ಮತ್ತು ಲವಣಗಳ ನಷ್ಟ. ಸಕಾಲದಲ್ಲಿ ಅವನ್ನು ತುಂಬಿಕೊಟ್ಟರೆ ರೋಗಿ ಉಳಿಯುತ್ತಾನೆ. ಕಲುಷಿತ ನೀರಿನ ಮೂಲವನ್ನು ಮೊದಲ ದಿನವೇ ಮುಚ್ಚಿದರೆ ಮುಂದೆ ಹಾಸಿಗೆ ಹಿಡಿಯುವವರ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಇಂತಹ ಕಾಯಿಲೆಗಳಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ಸುದ್ದಿ. ಸುದ್ದಿ ಎಷ್ಟು ಬೇಗ ಮುಟ್ಟಿತು ಎಂಬುದರ ಮೇಲೆ ಜೀವಗಳು ನಿಂತಿರುತ್ತವೆ.

ಸುದ್ದಿ ಮುಟ್ಟುವ ಎರಡು ದಾರಿಗಳು

ಮೊದಲನೆಯದು ಇಲಾಖೆಯ ಸ್ವಂತ ದಾರಿ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಮೂರು ಬಗೆಯ ನಮೂನೆಗಳಿವೆ. ಊರಿನಲ್ಲಿ ಕಂಡ ಲಕ್ಷಣಗಳನ್ನು ಆರೋಗ್ಯ ಕಾರ್ಯಕರ್ತೆ ‘ಎಸ್’ ನಮೂನೆಯಲ್ಲಿ ಬರೆಯುತ್ತಾಳೆ. ವೈದ್ಯರು ತಮ್ಮ ಅಂದಾಜಿನ ರೋಗವನ್ನು ‘ಪಿ’ ನಮೂನೆಯಲ್ಲಿ, ಪ್ರಯೋಗಾಲಯದವರು ಪರೀಕ್ಷೆಯಲ್ಲಿ ದೃಢಪಟ್ಟ ರೋಗವನ್ನು ‘ಎಲ್’ ನಮೂನೆಯಲ್ಲಿ ತಿಳಿಸುತ್ತಾರೆ. ಹಿಂದೆ ಇವು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದವು. 2018ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ, 2021ರಿಂದ ದೇಶದಾದ್ಯಂತ, ಕಂಪ್ಯೂಟರ್ ಜಾಲದ ಮೂಲಕ ಹೋಗತೊಡಗಿದವು.

ಎರಡನೆಯ ದಾರಿ ಪತ್ರಿಕೆಗಳದು. ಎಷ್ಟೋ ಬಾರಿ ನಮೂನೆ ತುಂಬುವ ಮೊದಲೇ ಊರಿನ ಸುದ್ದಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಅಚ್ಚಾಗಿರುತ್ತದೆ. ಇದನ್ನು ಗಮನಿಸಿಯೇ 2008ರ ಜುಲೈನಲ್ಲಿ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ ಮಾಧ್ಯಮಗಳ ಸುದ್ದಿಯನ್ನು ಜಾಲಾಡಿ ಪರಿಶೀಲಿಸುವ ಒಂದು ವಿಭಾಗ ತೆರೆಯಲಾಯಿತು. ಆದರೆ ಸುದ್ದಿಗಳೆಲ್ಲ ಅಂತರಜಾಲಕ್ಕೆ ಬಂದ ಮೇಲೆ ಕೆಲವೇ ಮಂದಿ ಕುಳಿತು ಎಲ್ಲವನ್ನೂ ಓದುವುದು ಸಾಧ್ಯವಿಲ್ಲದ ಮಾತಾಯಿತು. ಆಗ ವಾಧ್ವಾನಿ ಎ.ಐ. ಸಂಸ್ಥೆ ರೂಪಿಸಿದ ‘ಹೆಲ್ತ್ ಸೆಂಟಿನೆಲ್’ ಎಂಬ ವ್ಯವಸ್ಥೆ ನೆರವಿಗೆ ಬಂತು. ಸೆಂಟಿನೆಲ್ ಎಂದರೆ ಕಾವಲುಗಾರ.

2022ರ ಏಪ್ರಿಲ್‌ನಿಂದ 2025ರ ಮಧ್ಯಭಾಗದವರೆಗೆ ಈ ಕಾವಲುಗಾರ ಓದಿದ ಲೇಖನಗಳು 30 ಕೋಟಿಗೂ ಹೆಚ್ಚು. ಅವುಗಳಲ್ಲಿ ಅದು ಆರೋಗ್ಯಕ್ಕೆ ಸಂಬಂಧಿಸಿದ ಪ್ರತ್ಯೇಕ ಘಟನೆಗಳೆಂದು ಗುರುತಿಸಿದ್ದು 95 ಸಾವಿರಕ್ಕೂ ಹೆಚ್ಚು. ಇವುಗಳಲ್ಲಿ ರೋಗ ಹರಡುವ ಸಂಭವವಿದೆಯೆಂದು ತಜ್ಞರು ಆರಿಸಿಕೊಂಡದ್ದು 3,500ಕ್ಕೂ ಹೆಚ್ಚು. ಸುಗ್ಗಿಯಲ್ಲಿ ಕಣ ಮಾಡಿದವರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ. ಮೊದಲು ಗಾಳಿಗೆ ತೂರುವುದು, ಆಮೇಲೆ ಮೊರದಲ್ಲಿ ಕೇರುವುದು, ಕೊನೆಗೆ ಕೈಯಿಂದ ಕಲ್ಲು ಆರಿಸುವುದು. ಕೊನೆಯ ಕೆಲಸ ಈಗಲೂ ಮನುಷ್ಯರದೇ.

ಕಂಪ್ಯೂಟರ್ ಓದುವುದು ಹೇಗೆ?

ಬರಹವನ್ನು ಓದಿ ‘ಇದು ಈ ಗುಂಪಿನದು, ಅದು ಆ ಗುಂಪಿನದು’ ಎಂದು ಬೇರ್ಪಡಿಸುವುದಕ್ಕೆ ಪಠ್ಯ ವರ್ಗೀಕರಣ ಎನ್ನುತ್ತಾರೆ. ಹಿಂದೆ ಇದಕ್ಕೆ ಸುಲಭದ ಉಪಾಯವೊಂದಿತ್ತು: ಪದಗಳ ಪಟ್ಟಿ. ‘ಜ್ವರ’, ‘ವಾಂತಿ’, ‘ಭೇದಿ’ ಎಂಬ ಪದ ಕಂಡರೆ ಎತ್ತಿಟ್ಟುಕೋ ಎಂದು ಯಂತ್ರಕ್ಕೆ ಹೇಳುವುದು. ಹೀಗೆ ಹೇಳಿದರೆ ಅದು ಚುನಾವಣೆಯ ಜ್ವರವನ್ನೂ ಕ್ರಿಕೆಟ್ ಜ್ವರವನ್ನೂ ಎತ್ತಿಟ್ಟುಕೊಂಡು ಬರುತ್ತದೆ. ಪದ ಒಂದೇ ಆದರೂ ಅದರ ಅಕ್ಕಪಕ್ಕದವರು ಯಾರು ಎಂದು ನೋಡದಿದ್ದರೆ ಅರ್ಥ ತಿಳಿಯುವುದಿಲ್ಲ.

ಇಲ್ಲಿಯೇ ‘ನರಜಾಲ’ ಎಂಬ ವಿಧಾನ ನೆರವಿಗೆ ಬರುತ್ತದೆ. ಹೆಸರು ಕೇಳಿ ಯಂತ್ರದೊಳಗೆ ಮಿದುಳು ಇದೆಯೆಂದು ತಿಳಿಯಬೇಡಿ. ನರಕೋಶಗಳು ಒಂದಕ್ಕೊಂದು ಸಂಕೇತ ಕಳಿಸುವ ರೀತಿಯನ್ನು ನೋಡಿ 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಎಂಬಿಬ್ಬರು ಅಮೆರಿಕೆಯಲ್ಲಿ ಒಂದು ಗಣಿತದ ಮಾದರಿ ಬರೆದರು. ಹೆಸರು ಅಲ್ಲಿಂದ ಬಂತು. ಒಳಗಿರುವುದು ಗುಣಾಕಾರ ಮತ್ತು ಕೂಡುವ ಲೆಕ್ಕವೇ.

ಅದು ನಡೆಯುವುದು ಹೀಗೆ. ಮೊದಲು ಪ್ರತಿಯೊಂದು ಪದಕ್ಕೂ ಕೆಲವು ನೂರು ಅಂಕಿಗಳ ಒಂದು ಸಾಲನ್ನು ಕೊಡಲಾಗುತ್ತದೆ. ಒಂದೇ ಬಗೆಯ ವಾಕ್ಯಗಳಲ್ಲಿ ಬರುವ ಪದಗಳ ಅಂಕಿಗಳು ಹತ್ತಿರ ಹತ್ತಿರ ಇರುತ್ತವೆ. ‘ವಾಂತಿ’ಗೆ ‘ಭೇದಿ’ ನೆರೆಮನೆ; ‘ಮತದಾನ’ ದೂರದ ಊರು. ಈ ಅಂಕಿಗಳು ಒಂದರ ಹಿಂದೆ ಒಂದಿರುವ ಪದರಗಳ ಮೂಲಕ ಹಾದುಹೋಗುತ್ತವೆ. ಪ್ರತಿ ಪದರದಲ್ಲಿಯೂ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಲೆಕ್ಕ ನಡೆಯುತ್ತದೆ. ಕೊನೆಯ ಪದರದಿಂದ ಒಂದು ಅಂಕಿ ಹೊರಬರುತ್ತದೆ: ‘ಇದು ರೋಗದ ಸುದ್ದಿ ಎನ್ನಲು ನೂರಕ್ಕೆ ಇಷ್ಟು ಭರವಸೆ’ ಎಂದು. ಪದರಗಳು ಹೆಚ್ಚಾದಷ್ಟೂ ಜಾಲ ಆಳವಾಯಿತು ಎನ್ನುತ್ತಾರೆ. ‘ಡೀಪ್ ಲರ್ನಿಂಗ್’, ಅಂದರೆ ಆಳ ಕಲಿಕೆ, ಎಂಬ ಹೆಸರಿಗೆ ಇಷ್ಟೇ ಅರ್ಥ.

ಈ ತೂಕಗಳನ್ನು ಯಾರು ನಿಗದಿ ಮಾಡುತ್ತಾರೆ? ಯಾರೂ ಇಲ್ಲ, ಯಂತ್ರ ಉದಾಹರಣೆಗಳಿಂದ ತಾನೇ ಕಲಿಯುತ್ತದೆ. ಮೊದಲು ಮನುಷ್ಯರು ಸಾವಿರಾರು ಸುದ್ದಿಗಳನ್ನು ಓದಿ ‘ರೋಗದ್ದು’, ‘ಅಲ್ಲದ್ದು’ ಎಂದು ಗುರುತು ಹಾಕಿಕೊಡುತ್ತಾರೆ. ಯಂತ್ರ ಒಂದೊಂದಕ್ಕೂ ತನ್ನ ಉತ್ತರ ಹೇಳುತ್ತದೆ. ತಪ್ಪಾದಾಗ ಆ ತಪ್ಪನ್ನು ಕೊನೆಯ ಪದರದಿಂದ ಮೊದಲ ಪದರದ ಕಡೆಗೆ ಹಿಂದಕ್ಕೆ ಹಂಚಿ, ತೂಕಗಳನ್ನು ಕೊಂಚ ಕೊಂಚ ತಿದ್ದಲಾಗುತ್ತದೆ. ಈ ವಿಧಾನವನ್ನು 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು ಪ್ರಚಾರಕ್ಕೆ ತಂದರು. ಹಿಂಟನ್ ಅವರಿಗೆ 2024ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಮಗು ಮಗ್ಗಿ ಕಲಿಯುವಂತೆ ಯಂತ್ರವೂ ಮತ್ತೆ ಮತ್ತೆ ತಪ್ಪಿ, ತಿದ್ದಿಸಿಕೊಂಡು ಕಲಿಯುತ್ತದೆ.

ಕನ್ನಡದ ತೊಡಕುಗಳು

ಇಂಗ್ಲಿಷಿನಲ್ಲಿ ಪದಗಳು ಬಿಡಿ ಬಿಡಿಯಾಗಿರುತ್ತವೆ. ನಮ್ಮಲ್ಲಿ ವಾಂತಿ, ವಾಂತಿಯಿಂದ, ವಾಂತಿಭೇದಿಗೆ, ವಾಂತಿಯಾಗುತ್ತಿದ್ದುದರಿಂದ ಎಂದು ಒಂದೇ ಪದ ಬಾಲ ಬೆಳೆಸಿಕೊಳ್ಳುತ್ತದೆ. ಇವನ್ನೆಲ್ಲ ಬೇರೆ ಬೇರೆ ಪದಗಳೆಂದು ಎಣಿಸಿದರೆ ಯಂತ್ರ ಸೋಲುತ್ತದೆ. ಆದ್ದರಿಂದ ಇತ್ತೀಚಿನ ಜಾಲಗಳು ಪದವನ್ನು ತುಣುಕುಗಳಾಗಿ ಒಡೆದು ಓದುತ್ತವೆ. 2018ರಲ್ಲಿ ಗೂಗಲ್ ಸಂಸ್ಥೆಯವರು ಹೊರತಂದ ‘ಬರ್ಟ್’ ಎಂಬ ಜಾಲದ ಬಹುಭಾಷಾ ರೂಪದಲ್ಲಿ 104 ಭಾಷೆಗಳಿದ್ದು ಕನ್ನಡವೂ ಅವುಗಳಲ್ಲೊಂದು. ಆಮೇಲೆ ಭಾರತದ ಭಾಷೆಗಳಿಗೆಂದೇ ‘ಮ್ಯೂರಿಲ್’ ಬಂತು, ಅದರಲ್ಲಿಯೂ ಕನ್ನಡವಿದೆ. ಇವು ವಾಕ್ಯದ ಒಂದು ಪದವನ್ನು ಓದುವಾಗ ಉಳಿದ ಎಲ್ಲ ಪದಗಳ ಕಡೆಗೂ ಗಮನ ಕೊಡುತ್ತವೆ. ಆದ್ದರಿಂದ ‘ಜ್ವರ’ದ ಪಕ್ಕದಲ್ಲಿ ‘ಅಭ್ಯರ್ಥಿ’ ಇದ್ದರೆ ಒಂದು ಅರ್ಥ, ‘ರಕ್ತದ ಮಾದರಿ’ ಇದ್ದರೆ ಇನ್ನೊಂದು ಅರ್ಥ ಎಂದು ತಿಳಿಯಬಲ್ಲವು.

ಆದರೂ ತೊಡಕುಗಳು ಉಳಿಯುತ್ತವೆ. ಹಳ್ಳಿಯಲ್ಲಿ ‘ಮಗುವಿಗೆ ಅಮ್ಮ ಬಂದಾಳ’ ಎಂದರೆ ಮೈಮೇಲೆ ಗುಳ್ಳೆ ಎದ್ದಿವೆ ಎಂದು ನಿಮಗೆ ಗೊತ್ತು. ಯಂತ್ರ ತಾಯಿ ಊರಿಂದ ಬಂದಳೆಂದು ತಿಳಿದೀತು. ಉತ್ತರ ಕರ್ನಾಟಕದ ಕೆಲವೆಡೆ ದಡಾರಕ್ಕೆ ‘ಗೊಬ್ಬರ’ ಎನ್ನುತ್ತಾರೆ. ‘ಊರ ಮಕ್ಕಳಿಗೆಲ್ಲ ಗೊಬ್ಬರ’ ಎಂಬ ಮಾತನ್ನು ಯಂತ್ರ ಕೃಷಿ ಪುಟಕ್ಕೆ ತಳ್ಳಿಬಿಟ್ಟರೆ ಆಶ್ಚರ್ಯವಿಲ್ಲ. ಯಂತ್ರ ಕಲಿತದ್ದು ಅಚ್ಚಾದ ಬರಹದಿಂದ. ನಿಮ್ಮ ಓಣಿಯ ಮಾತಿನಿಂದಲ್ಲ.

ಊರಿನ ಹೆಸರುಗಳದು ಇನ್ನೊಂದು ಗೊಂದಲ. ‘ವಿಜಯನಗರದಲ್ಲಿ ವಾಂತಿಭೇದಿ’ ಎಂದರೆ ಯಾವ ವಿಜಯನಗರ? ನಮ್ಮ ಜಿಲ್ಲೆಯೇ, ಬೆಂಗಳೂರಿನ ಬಡಾವಣೆಯೇ, ಆಂಧ್ರದ ವಿಜಯನಗರಂ ಜಿಲ್ಲೆಯೇ? ಹಡಗಲಿ, ಹೂವಿನಹಡಗಲಿ, ಹೂವಿನ ಹಡಗಲಿ ಮೂರೂ ಒಂದೇ ಊರು. ಹಗರಿಬೊಮ್ಮನಹಳ್ಳಿಯನ್ನು ಹ.ಬೊ.ಹಳ್ಳಿ ಎಂದೂ ಬರೆಯುತ್ತಾರೆ. ಹರಪನಹಳ್ಳಿಯ ಕಥೆ ಇನ್ನೂ ಸೊಗಸಾಗಿದೆ: 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮರಳಿ ಬಳ್ಳಾರಿ, 2021ರಿಂದ ವಿಜಯನಗರ. ಹಳೆಯ ಪಟ್ಟಿಯನ್ನು ನಂಬಿದ ಯಂತ್ರ ಹರಪನಹಳ್ಳಿಯ ಎಚ್ಚರಿಕೆಯನ್ನು ದಾವಣಗೆರೆಯ ಅಧಿಕಾರಿಗೆ ಕಳಿಸಿದರೆ ಒಂದು ದಿನ ವ್ಯರ್ಥವಾಯಿತೆಂದೇ ತಿಳಿಯಿರಿ.

‘ನೂರಕ್ಕೆ 99 ಸರಿ’ ಎಂದರೆ ನಂಬಬೇಕೆ?

ಈ ಮಾತನ್ನು ನೀವು ಯಾವ ಯಂತ್ರದ ವಿಷಯದಲ್ಲಿ ಕೇಳಿದರೂ ಸ್ವಲ್ಪ ನಿಂತು ಯೋಚಿಸಬೇಕು. ಲೆಕ್ಕಕ್ಕಾಗಿ 1,000 ಸುದ್ದಿಗಳಿವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ 10 ಮಾತ್ರ ನಿಜವಾದ ರೋಗದ ಸುದ್ದಿಗಳು. ಯಂತ್ರ ಏನನ್ನೂ ಓದದೆ ಎಲ್ಲಕ್ಕೂ ‘ರೋಗದ್ದಲ್ಲ’ ಎಂದು ಹೇಳಿಬಿಟ್ಟರೂ 990 ಉತ್ತರ ಸರಿಯಾಗಿರುತ್ತವೆ. ಅಂದರೆ ನೂರಕ್ಕೆ 99 ಸರಿ! ಆದರೆ ಹತ್ತು ಊರುಗಳನ್ನು ಕೈಬಿಟ್ಟ ಇಂತಹ ಯಂತ್ರದಿಂದ ಏನು ಪ್ರಯೋಜನ?

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ನಿಜವಾದ ಹತ್ತರಲ್ಲಿ ಎಷ್ಟನ್ನು ಹಿಡಿಯಿತು? ಹಿಡಿದದ್ದರಲ್ಲಿ ಎಷ್ಟು ನಿಜ? ಯಂತ್ರದ ಮಿತಿಯನ್ನು ಸಡಿಲಗೊಳಿಸಿ, ಕೊಂಚ ಅನುಮಾನ ಬಂದರೂ ಎತ್ತಿಡು ಎಂದರೆ ಅದು ಹತ್ತರಲ್ಲಿ 9 ಹಿಡಿಯಬಹುದು. ಜೊತೆಗೆ 40 ಸುಳ್ಳು ಸುಳಿವುಗಳನ್ನೂ ತರಬಹುದು. ಆಗಲೂ ತಜ್ಞರು ಓದಬೇಕಾದದ್ದು 1,000 ಅಲ್ಲ, 49. ಬಿಗಿ ಮಾಡಿದರೆ ಸುಳ್ಳು ಸುಳಿವು ಕಡಿಮೆಯಾಗುತ್ತದೆ, ಆದರೆ ನಿಜವಾದವೂ ಜಾರಿಹೋಗುತ್ತವೆ. ಸುಳ್ಳು ಸುಳಿವಿಗೆ ತೆರಬೇಕಾದ ಬೆಲೆ ಒಂದು ದೂರವಾಣಿ ಕರೆ. ಜಾರಿಹೋದ ಸುಳಿವಿಗೆ ತೆರಬೇಕಾದ ಬೆಲೆ ಜೀವ. ಆರೋಗ್ಯದ ಕೆಲಸದಲ್ಲಿ ಮಿತಿಯನ್ನು ಸಡಿಲವಾಗಿಡುವುದೇ ವಿವೇಕ.

ಯಂತ್ರದ ಎಚ್ಚರಿಕೆಗೂ ಮನುಷ್ಯರ ತಿಳಿವಳಿಕೆಗೂ ಇರುವ ಅಂತರಕ್ಕೆ ಒಂದು ಉದಾಹರಣೆ ನೋಡಿ. 2019ರ ಡಿಸೆಂಬರ್ 30ರ ರಾತ್ರಿ ಅಮೆರಿಕದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ‘ಹೆಲ್ತ್‌ಮ್ಯಾಪ್’ ಎಂಬ ಯಂತ್ರ ವ್ಯವಸ್ಥೆ ಚೀನಾದ ವುಹಾನ್‌ನಲ್ಲಿ ಕಾಣಿಸಿದ ಅಪರಿಚಿತ ನ್ಯುಮೋನಿಯಾದ ಸುದ್ದಿ ಹಿಡಿಯಿತು. ಆದರೆ ತೀವ್ರತೆಗೆ ಅದು ಕೊಟ್ಟ ಅಂಕ 5ಕ್ಕೆ 3. ‘ಪ್ರೋಮೆಡ್’ ಎಂಬ ಬಳಗದ ತಜ್ಞರು ಅದೇ ರಾತ್ರಿ, ಸ್ವಲ್ಪ ತಡವಾಗಿ, ಹೆಚ್ಚು ವಿವರವಾದ ಎಚ್ಚರಿಕೆ ಹೊರಡಿಸಿದರು. ಯಂತ್ರ ಬೇಗ ಕಂಡಿತು. ಕಂಡದ್ದರ ಮಹತ್ವವನ್ನು ಮನುಷ್ಯರು ವಿವರಿಸಿದರು.

ಯಂತ್ರಕ್ಕೆ ಕಾಣದ ಕಾಯಿಲೆಗಳು

ಕೂಡ್ಲಿಗಿ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚೆಂಬುದು ಹಳೆಯ ಮಾತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದರೆ ಮಂಡಿ, ಬೆನ್ನು ಬಾಗುತ್ತದೆ. ಆದರೆ ಇದು ಒಂದು ದಿನದಲ್ಲಿ ಆಗುವುದಿಲ್ಲ. ‘ಇಂದು ನಲವತ್ತು ಮಂದಿಯ ಬೆನ್ನು ಬಾಗಿತು’ ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಸುದ್ದಿಯಾಗದ್ದು ಸುದ್ದಿ ಓದುವ ಯಂತ್ರಕ್ಕೆ ಕಾಣುವುದಿಲ್ಲ. ರಕ್ತಹೀನತೆ, ಅಪೌಷ್ಟಿಕತೆ, ಕ್ಷಯ ಇವೂ ಹೀಗೆಯೇ. ಇವಕ್ಕೆ ಮನೆ ಮನೆಯ ಭೇಟಿ, ನೀರಿನ ಪರೀಕ್ಷೆ, ಕಫದ ಪರೀಕ್ಷೆಯೇ ದಾರಿ.

ಇನ್ನು ಮಕರಬ್ಬಿಯ ಮಾತು. ಆ ದುರಂತ ನಡೆದಾಗ ಈ ಕಾವಲುಗಾರ ಕೆಲಸಕ್ಕೆ ಬಂದಿರಲಿಲ್ಲ. ಇದ್ದಿದ್ದರೆ ಜೀವಗಳು ಉಳಿಯುತ್ತಿದ್ದವೆ? ಹಾಗೆಂದು ಭರವಸೆ ಕೊಡುವುದು ಸರಿಯಲ್ಲ. ಪತ್ರಿಕೆಯಲ್ಲಿ ಬಂದ ಮೇಲೆ ತಾನೇ ಯಂತ್ರ ಓದುವುದು? ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಹಲವರು ಹಾಸಿಗೆ ಹಿಡಿದಿರುತ್ತಾರೆ. ಎಂತಹ ಆಳವಾದ ಜಾಲವೂ ಯಾರೋ ಒಬ್ಬರು ಹೇಳಿದ ಮೊದಲ ಮಾತಿಗಿಂತ ಹಿಂದೆ ಹೋಗಲಾರದು. ಆ ಮೊದಲ ಮಾತು ನಿಮ್ಮದು.

ನೀವು ಮಾಡಬೇಕಾದುದೇನು?

ಒಂದೇ ಓಣಿಯ ಎರಡು ಮೂರು ಮನೆಗಳಲ್ಲಿ ಒಂದೇ ದಿನ ವಾಂತಿಭೇದಿ ಕಂಡರೆ ‘ಏನೋ ತಿಂದಿರಬೇಕು’ ಎಂದು ಸುಮ್ಮನಾಗಬೇಡಿ. ಅಂದೇ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜಾತ್ರೆ, ಮದುವೆ, ಸಾಮೂಹಿಕ ಊಟದ ಮರುದಿನ ಹೆಚ್ಚು ಎಚ್ಚರದಿಂದಿರಿ.

ಹೇಳುವಾಗ ಐದು ವಿಷಯಗಳನ್ನು ಬಿಡದೆ ಹೇಳಿ: ಗ್ರಾಮ ಮತ್ತು ತಾಲ್ಲೂಕು, ಆರಂಭವಾದ ದಿನ, ಎಷ್ಟು ಮಂದಿ, ಯಾವ ಲಕ್ಷಣ, ಎಲ್ಲಿಯ ನೀರು ಕುಡಿದರು. ನಿಮ್ಮೂರಿನ ಪತ್ರಿಕಾ ವರದಿಗಾರರಿಗೂ ಇದೇ ಕಿವಿಮಾತು. ‘ಜನ ತತ್ತರ’ ಎಂದು ಬರೆಯುವುದಕ್ಕಿಂತ ಈ ಐದು ವಿವರಗಳನ್ನು ಬರೆದರೆ ಯಂತ್ರಕ್ಕೂ ವೈದ್ಯಾಧಿಕಾರಿಗೂ ಉಪಕಾರ.

ನೆರವು ಬರುವವರೆಗೆ ಕೈಕಟ್ಟಿ ಕೂರಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಪುಡಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ, ಉಪ್ಪು ಹೆಚ್ಚಾಗಬಾರದು. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಮಕ್ಕಳಿಗೆ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಸೇರಿ 14 ದಿನ ಕೊಡಿಸಬೇಕು. ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತೆ ತಿಳಿಸುತ್ತಾರೆ. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಂಪರು ಕವಿದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ 108 ಕರೆದು ಆಸ್ಪತ್ರೆಗೆ ಸಾಗಿಸಿ. ಅನುಮಾನವಿರುವ ನೀರನ್ನು ಪರೀಕ್ಷೆಯಾಗುವವರೆಗೆ ಯಾರೂ ಕುಡಿಯಬಾರದು. ಬೇರೆ ಕಡೆಯ ನೀರನ್ನೂ ಕುದಿಸಿಯೇ ಕುಡಿಯಿರಿ.

30 ಕೋಟಿ ಲೇಖನ ಓದುವ ಯಂತ್ರ ದೆಹಲಿಯಲ್ಲಿದೆ. ಆದರೆ ನಿಮ್ಮ ಓಣಿಯಲ್ಲಿ ನಿನ್ನೆ ರಾತ್ರಿ ಯಾರ ಮನೆಯಲ್ಲಿ ದೀಪ ಆರಲಿಲ್ಲ ಎಂಬುದು ಅದಕ್ಕೆ ತಿಳಿಯದು. ಅದು ನಿಮಗೆ ಗೊತ್ತು. ಬೆಳಗಾಗುತ್ತಲೇ ಆಶಾ ಕಾರ್ಯಕರ್ತೆಗೆ ಹೇಳಿ.